ಕೋಳಿಗೂಡಿನ ಹಳೆಯ ಹಾಸನ್ನು ಏನು ಮಾಡಬೇಕು?

ಪ್ರಶ್ನೆ: ಹಿತ್ತಿಲಲ್ಲಿ ಆರು ಕೋಳಿಗಳನ್ನು ಸಾಕಿದ್ದೇನೆ. ಗೂಡಿನ ನೆಲಕ್ಕೆ ಹಾಸಿದ್ದ ಮರದ ಹೊಟ್ಟನ್ನು ಕಳೆದ ತಿಂಗಳು ಬಳಿದು ತೆಗೆದು, ನೇರವಾಗಿ ಟೊಮೆಟೊ ಸಸಿಗಳ ಬುಡಕ್ಕೆ ಹಾಕಿದೆ. ನಾಲ್ಕೈದು ದಿನಗಳಲ್ಲೇ ಎಲೆಗಳ ಅಂಚು ಕಂದಿ ಮೂರು ಸಸಿಗಳು ಸತ್ತವು. ಉಳಿದ ಹೊಟ್ಟನ್ನು ಬಿಸಿಲಿಗೆ ಒಣಗಿಸಿ ಮತ್ತೆ ಗೂಡಿಗೆ ಹಾಸಬಹುದೇ? ಗೊಬ್ಬರವಾಗಿ ಬಳಸುವ ಸರಿಯಾದ ಕ್ರಮ ಯಾವುದು?

ಉತ್ತರ: ಹೊಟ್ಟಿನೊಂದಿಗೆ ಬೆರೆತಿದ್ದ ಹಸಿ ಹಿಕ್ಕೆಯೇ ನಿಮ್ಮ ಸಸಿಗಳನ್ನು ಸುಟ್ಟಿರುವ ಸಾಧ್ಯತೆ ಹೆಚ್ಚು. ಕೋಳಿಯ ಮೂತ್ರ ಬೇರೆಯಾಗಿ ಹೊರಬರುವುದಿಲ್ಲ. ಹಿಕ್ಕೆಯ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿಯ ಭಾಗವೇ ಯೂರಿಕ್ ಆಮ್ಲ. ತೇವ ಸಿಕ್ಕೊಡನೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾವಾಗಿ ಮಾರ್ಪಡಿಸುತ್ತವೆ. ಈ ಅಮೋನಿಯಾವನ್ನೂ ಹಿಕ್ಕೆಯ ಲವಣಗಳನ್ನೂ ಎಳೆಯ ಬೇರುಗಳು ತಾಳಲಾರವು. ಆದರೆ ಅದೇ ಸಾರಜನಕ, ಕೊಳೆತು ಹದವಾದ ಮೇಲೆ, ಗಿಡಕ್ಕೆ ಬಹಳ ಒಳ್ಳೆಯ ಆಹಾರ. ಆದ್ದರಿಂದ ಈ ಹಾಸನ್ನು ದಯವಿಟ್ಟು ಎಸೆಯಬೇಡಿ, ರಾಶಿ ಹಾಕಿ ಕೊಳೆಸಿ ಗೊಬ್ಬರ ಮಾಡಿ.

ಹಿಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಸುಮಾರು 10 ಪಾಲು ಮಾತ್ರ ಇದ್ದರೆ, ಮರದ ಹೊಟ್ಟಿನಲ್ಲಿ 200 ಪಾಲಿಗೂ ಹೆಚ್ಚಿರುತ್ತದೆ. ರಾಶಿ ಚೆನ್ನಾಗಿ ಕಾಯ್ದು ಕೊಳೆಯಲು ಬೇಕಾದದ್ದು 25ರಿಂದ 30 ಪಾಲು. ಇದನ್ನು ಅಳೆಯಲು ಮೂಗು ಸಾಕು: ರಾಶಿಯಿಂದ ಅಮೋನಿಯಾದ ಘಾಟು ಬಂದರೆ ಒಣ ತರಗೆಲೆ ಇಲ್ಲವೇ ಹೊಟ್ಟು ಬೆರೆಸಿ, ತೇವವಿದ್ದೂ ರಾಶಿ ತಣ್ಣಗೇ ಉಳಿದರೆ ಹಸಿರು ಕಳೆ, ತರಕಾರಿ ಸಿಪ್ಪೆ ಸೇರಿಸಿ. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಉಂಡೆಯಾಗಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಬೇಕು, ನೀರು ಧಾರೆಯಾಗಿ ಸುರಿಯಬಾರದು.

ರಾಶಿ ಉದ್ದ, ಅಗಲ, ಎತ್ತರಗಳಲ್ಲಿ ಸುಮಾರು ಒಂದು ಮೀಟರ್ ಇಲ್ಲದಿದ್ದರೆ ಬಿಸಿ ಒಳಗೆ ನಿಲ್ಲುವುದು ಕಷ್ಟ. ಆರು ಕೋಳಿಗಳ ಹಾಸು ಒಮ್ಮೆಗೇ ಅಷ್ಟಾಗದು. ಹಾಗಾಗಿ ಮಳೆ ತಾಗದ ಕಡೆ ಒಣಗಿದಂತೆಯೇ ಕೂಡಿಟ್ಟು, ಸಾಕಷ್ಟಾದ ಮೇಲೆ ನೀರು ಚಿಮುಕಿಸಿ ಒಟ್ಟಬೇಕು. ನಡುವಿನ ಬಿಸಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕನಿಷ್ಠ ಮೂರು ದಿನ ನಿಲ್ಲಬೇಕು, ಏಕೆಂದರೆ ಸಾಲ್ಮೊನೆಲ್ಲಾದಂತಹ ರೋಗಾಣುಗಳನ್ನು ಕೊಲ್ಲುವುದು ಈ ಬಿಸಿಯೇ. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳೊಂದನ್ನು ರಾಶಿಯ ನಡುವಿಗೆ ಚುಚ್ಚಿ, ಅರ್ಧ ಗಂಟೆಯ ಬಳಿಕ ಎಳೆದು ಅದರ ತುದಿಯನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಹಿಡಿದುಕೊಂಡಿರಲು ಆಗದಷ್ಟು ಸುಡುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬಹುದು. ಹೊರಗಿನ ಪದರಕ್ಕೆ ಈ ಬಿಸಿ ತಲುಪುವುದಿಲ್ಲ. ಅದಕ್ಕಾಗಿ ಹೊರಗಿನದು ಒಳಗೆ ಹೋಗುವಂತೆ ಮಗುಚಿ, ಮತ್ತೆ ಕಾಯಲು ಬಿಟ್ಟು, ಹೀಗೆ ನಾಲ್ಕೈದು ಬಾರಿ ಮಾಡಬೇಕು. ಮಗುಚುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ನಿಜಕ್ಕೂ ಕೆಟ್ಟದ್ದು. ಬಳಿಕ ಎರಡು ಮೂರು ತಿಂಗಳು ಮಾಗಲು ಬಿಟ್ಟರೆ ಹಿಕ್ಕೆಯ ಗುರುತು ಅಳಿದು, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬರುತ್ತದೆ.

ಇಷ್ಟು ಶ್ರಮ ಸಾಧ್ಯವಿಲ್ಲದಿದ್ದರೆ, ಬೆಳೆಯಿಲ್ಲದ ಮಡಿಯ ಮಣ್ಣಿಗೆ ಹಸಿ ಹಾಸನ್ನೇ ಬೆರೆಸಬಹುದು. ಆದರೆ ಮಣ್ಣಿಗೆ ತಾಗುವ ಸೊಪ್ಪು, ಗೆಡ್ಡೆಗಳ ಕೊಯ್ಲಿಗೆ 120 ದಿನ, ಉಳಿದವುಗಳಿಗೆ 90 ದಿನ ಮೊದಲೇ ಆ ಕೆಲಸ ಮುಗಿದಿರಬೇಕು.

ಬಳಿದು ತೆಗೆದ ಹೊಟ್ಟನ್ನು ಒಣಗಿಸಿ ಮತ್ತೆ ಗೂಡಿಗೆ ಹಾಸುವುದನ್ನು ನಾನು ಒಪ್ಪುವುದಿಲ್ಲ. ಜಂತುಹುಳುಗಳ ಮೊಟ್ಟೆಗಳು ಬಹಳ ಗಟ್ಟಿ ಜೀವದವು. ಒಣಗಿದ ಹಿಕ್ಕೆ ಪುಡಿಯಾಗಿ ಕೋಳಿಗಳ ಉಸಿರಿಗೂ ಸೇರುತ್ತದೆ. ಹಾಸನ್ನು ಹೆಚ್ಚು ಕಾಲ ಉಳಿಸುವುದೇ ನಿಮ್ಮ ಉದ್ದೇಶವಾದರೆ, ಮೊದಲೇ 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಆಗಾಗ ಕೆದಕಿ, ನೀರಿನ ಪಾತ್ರೆಯ ಸುತ್ತ ಹೆಪ್ಪುಗಟ್ಟಿದ ಹೆಂಟೆಗಳನ್ನಷ್ಟೇ ತೆಗೆದು, ಮೇಲೆ ಹೊಸ ಹೊಟ್ಟು ಹರಡುತ್ತಿರಿ. ಆರೋಗ್ಯವಾಗಿರುವ ಅದೇ ಕೋಳಿಗಳಿಗೆ ಇದು ಸಾಕು. ಹೊಸ ಮರಿಗಳನ್ನು ತಂದಾಗ, ಅಥವಾ ಗೂಡಿಗೆ ರೋಗ ಹೊಕ್ಕಿದ್ದಾಗ, ಹಳೆಯದನ್ನು ಪೂರ್ತಿ ತೆಗೆಯಲೇಬೇಕು.

ಉಳಿದಿರುವ ಟೊಮೆಟೊ ಸಸಿಗಳ ಬುಡದಿಂದ ಆ ಹೊಟ್ಟನ್ನು ಇಂದೇ ಕೆರೆದು ತೆಗೆದು, ಒಂದೆರಡು ಬಾರಿ ಧಾರಾಳವಾಗಿ ನೀರುಣಿಸಿ. ಹೊಸ ಚಿಗುರು ಹಸಿರಾಗಿ ಬಂದರೆ ಬೇರು ಉಳಿದಿದೆ ಎಂದರ್ಥ. ಅಲ್ಲಿಯವರೆಗೆ ಬೇರೆ ಯಾವ ಗೊಬ್ಬರವನ್ನೂ ಕೊಡಬೇಡಿ.