ಮುಚ್ಚದ ನಾಳ ಮತ್ತು ಕಾಯುವ ವೈದ್ಯರು: ಸಂಪಾದಕರ ಉತ್ತರ

ಕೊಪ್ಪ ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರ ಪತ್ರದ ಸಾರಾಂಶ ಹೀಗಿದೆ. ಅವರ ಮೊಮ್ಮಗಳು 29 ವಾರಗಳಿಗೇ, 1,150 ಗ್ರಾಂ ತೂಕದಲ್ಲಿ ಹುಟ್ಟಿದಳು. ನಾಲ್ಕನೆಯ ದಿನ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಮಾಡಿದ ವೈದ್ಯರು, ಹೃದಯದ ಬಳಿಯ ನಾಳವೊಂದು ಮುಚ್ಚಿಲ್ಲ, ಅದಕ್ಕೆ ಪಿಡಿಎ (ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್) ಎನ್ನುತ್ತಾರೆ ಎಂದರು. ಆದರೆ ಅದಕ್ಕೆಂದು ಔಷಧ ಕೊಡಲಿಲ್ಲ, ಬೆಂಗಳೂರಿಗೂ ಕಳುಹಿಸಲಿಲ್ಲ, ‘ನೋಡೋಣ’ ಎಂದರು. ಈಗ ಮೂರು ವಾರಗಳಾಗಿವೆ. ನಾಳ ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ. ‘ಹೃದಯದಲ್ಲಿ ತೂತಿರುವ ಕೂಸನ್ನು ನೋಡುತ್ತ ಕೂರುವುದೂ ಒಂದು ವೈದ್ಯವೇ? ಮಲೆನಾಡಿನವರೆಂಬ ತಾತ್ಸಾರವಲ್ಲವೇ ಇದು?’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಆತಂಕ ಸಹಜವಾದದ್ದು. ಇಷ್ಟು ಸಂಕಟದ ನಡುವೆಯೂ ದಿನಾಂಕ, ತೂಕ, ವರದಿಗಳನ್ನೆಲ್ಲ ಕ್ರಮವಾಗಿ ಬರೆದು ಕಳುಹಿಸಿದ್ದೀರಿ. ಎಲ್ಲ ಓದುಗರೂ ಹೀಗೆ ಬರೆದರೆ ನಮ್ಮ ಕೆಲಸ ಅರ್ಧ ಹಗುರವಾದೀತು. ಆದರೆ ವೈದ್ಯರು ಕೈಕಟ್ಟಿ ಕುಳಿತಿದ್ದಾರೆಂಬ ನಿಮ್ಮ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಅದು ಹೃದಯದ ತೂತಲ್ಲ. ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿಗೂ ಶ್ವಾಸಕೋಶಕ್ಕೆ ಒಯ್ಯುವ ಅಪಧಮನಿಗೂ ನಡುವೆ, ಹೃದಯದ ಹೊರಗಿರುವ ಕಿರುನಾಳ. ಗರ್ಭದಲ್ಲಿರುವಾಗ ಪ್ರತಿಯೊಂದು ಮಗುವಿಗೂ ಅದು ಬೇಕು. ಅಲ್ಲಿ ಆಮ್ಲಜನಕ ಸಿಗುವುದು ಮಾಸಿನ ಮೂಲಕ, ಶ್ವಾಸಕೋಶಗಳಿಗೆ ಇನ್ನೂ ಕೆಲಸವಿರುವುದಿಲ್ಲ, ಆದ್ದರಿಂದ ಅತ್ತ ಹೋಗಬೇಕಾದ ರಕ್ತದ ಬಹುಪಾಲು ಈ ನಾಳದಿಂದ ಮಹಾಪಧಮನಿಗೆ ದಾಟಿಕೊಳ್ಳುತ್ತದೆ. ದಿನ ತುಂಬಿ ಹುಟ್ಟಿದ ಮಗು ಉಸಿರೆಳೆದಾಗ ರಕ್ತದಲ್ಲಿ ಆಮ್ಲಜನಕ ಏರುತ್ತದೆ, ನಾಳವನ್ನು ತೆರೆದಿಟ್ಟಿದ್ದ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಇಳಿಯುತ್ತದೆ, ಸಾಮಾನ್ಯವಾಗಿ ಮೂರು ದಿನಗಳೊಳಗೆ ನಾಳ ಬಿಗಿದುಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ನಾಳದ ಸ್ನಾಯು ಇನ್ನೂ ಎಳೆಯದು. ಬಹಳಷ್ಟು ಸಲ ಅದು ತೆರೆದೇ ಉಳಿಯುತ್ತದೆ. ಆಗ ಹರಿವಿನ ದಿಕ್ಕು ಬದಲಾಗಿ, ದೇಹಕ್ಕೆ ಹೋಗಬೇಕಾದ ರಕ್ತದ ಒಂದು ಪಾಲು ಮಹಾಪಧಮನಿಯಿಂದ ಮರಳಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಹೇಮಾವತಿ ಕಾಲುವೆಯ ಮೇಲ್ಭಾಗದಲ್ಲಿ ಏರಿ ಒಡೆದರೆ ಪಕ್ಕದ ಗದ್ದೆ ಜೌಗಾಗಿ ಕೊನೆಯ ಭಾಗದವರ ಪೈರು ಒಣಗುವಂತೆ, ಇಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗುತ್ತದೆ, ಕರುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದೆ ಹೋಗುತ್ತದೆ. ನಾಳ ದೊಡ್ಡದಿದ್ದರೆ ಎರಡು ಬಡಿತಗಳ ನಡುವೆ ಹೊಟ್ಟೆಯ ಭಾಗದ ರಕ್ತ ಹಿಮ್ಮುಖವಾಗಿ ಹರಿಯುವುದು ಎಕೋದಲ್ಲಿ ಕಾಣುತ್ತದೆ. ಹೃದಯದ ಎಡಭಾಗ ಅದೇ ರಕ್ತವನ್ನು ಮತ್ತೆ ಮತ್ತೆ ತಳ್ಳಬೇಕಾಗಿ ಹಿಗ್ಗುತ್ತದೆ.

ಇಷ್ಟೆಲ್ಲ ಆಗುವುದಾದರೆ ಮುಚ್ಚಿಬಿಡಬಾರದೇಕೆ ಎಂದು ನೀವು ಕೇಳುತ್ತೀರಿ. ವೈದ್ಯರಿಗೂ ಅದೇ ಹಂಬಲವಿತ್ತು. 1938ರಲ್ಲಿ ಬಾಸ್ಟನ್ನಿನ ಯುವ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್, ತಮ್ಮ ಮುಖ್ಯಸ್ಥರು ರಜೆಯಲ್ಲಿದ್ದ ಸಮಯದಲ್ಲಿ, ಏಳು ವರ್ಷದ ಹುಡುಗಿಯೊಬ್ಬಳ ಎದೆ ತೆರೆದು ಈ ನಾಳವನ್ನು ಕಟ್ಟಿದರು. ಹುಡುಗಿ ಬದುಕಿ ಬಾಳಿದಳು. 1976ರಲ್ಲಿ ಇಂಡೊಮೆಥಾಸಿನ್ ಎಂಬ ಔಷಧದಿಂದಲೇ ಅವಧಿಪೂರ್ವ ಶಿಶುಗಳ ನಾಳ ಮುಚ್ಚಬಹುದೆಂಬ ವರದಿಗಳು ಬಂದವು. ಮುಂದೆ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಸೇರಿಕೊಂಡವು. ಆದರೆ ಏಳು ವರ್ಷದವಳ ನಾಳ ತಾನಾಗಿ ಮುಚ್ಚುವ ಕಾಲ ಮೀರಿತ್ತು, ಒಂದು ಕಿಲೋ ಕೂಸಿನದು ಮೀರಿರುವುದಿಲ್ಲ. ಇಂಡೊಮೆಥಾಸಿನ್, ಐಬುಪ್ರೊಫೇನ್‌ಗಳು ಮೂತ್ರಪಿಂಡವನ್ನೂ ಕರುಳನ್ನೂ ಬಾಧಿಸಬಲ್ಲವು. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿತಂತುವಿನ ನರಕ್ಕೆ ಪೆಟ್ಟಾಗುವುದುಂಟು.

2023ರಲ್ಲಿ ನೆದರ್ಲೆಂಡ್ಸ್ ಮುಂದಾಳತ್ವದ ಅಧ್ಯಯನವೊಂದು ಪ್ರಕಟವಾಯಿತು. 28 ವಾರ ತುಂಬುವ ಮೊದಲೇ ಹುಟ್ಟಿದ, ನಾಳ ತೆರೆದಿದ್ದ 273 ಶಿಶುಗಳಲ್ಲಿ, ಬೇಗನೆ ಐಬುಪ್ರೊಫೇನ್ ಕೊಟ್ಟ ಗುಂಪಿನ ನೂರಕ್ಕೆ 63ರಷ್ಟು ಮಕ್ಕಳು ಸಾವು, ಕರುಳಿನ ತೀವ್ರ ಕಾಯಿಲೆ ಅಥವಾ ಶ್ವಾಸಕೋಶದ ದೀರ್ಘ ಕಾಯಿಲೆಗೆ ಒಳಗಾದರೆ, ಕಾದು ನೋಡಿದ ಗುಂಪಿನಲ್ಲಿ ಆ ಪ್ರಮಾಣ 46ರಷ್ಟಿತ್ತು. ಮರುವರ್ಷ ಪ್ರಕಟವಾದ ಬ್ರಿಟನ್ನಿನ 653 ಶಿಶುಗಳ ಅಧ್ಯಯನದಲ್ಲಿಯೂ ಬೇಗ ಔಷಧ ಕೊಟ್ಟು ಲಾಭವಾದದ್ದು ಕಾಣಲಿಲ್ಲ. ಅಂದಮೇಲೆ ‘ನೋಡೋಣ’ ಎಂಬುದು ಮಲೆನಾಡಿಗೆಂದು ಮೀಸಲಿಟ್ಟ ತಾತ್ಸಾರವಲ್ಲ. ಯೂರೋಪಿನ ತಾಯ್ತಂದೆಯರೂ ಅದೇ ಮಾತನ್ನು ಕೇಳುತ್ತಿದ್ದಾರೆ. ಹೃದಯ ಸೋಲುತ್ತಿರುವ, ಉಸಿರಿನ ಯಂತ್ರದಿಂದ ಬಿಡಿಸಲಾಗದ ಕೂಸುಗಳಿಗೆ ನಾಳವನ್ನು ಮುಚ್ಚಲೇಬೇಕಾದೀತು ಎನ್ನುವವರ ವಾದವನ್ನು ಅಲ್ಲಗಳೆಯುವುದಿಲ್ಲ. ನಿಮ್ಮ ಮೊಮ್ಮಗಳು ಆ ಸಾಲಿನಲ್ಲಿಲ್ಲ: ಯಂತ್ರ ತೆಗೆದಿದ್ದಾರೆ, ನಳಿಕೆಯಲ್ಲಿ ತಾಯಿಯ ಹಾಲು ಹೋಗುತ್ತಿದೆ, ತೂಕ 1,400 ಗ್ರಾಂ ದಾಟಿದೆ ಎಂದು ನೀವೇ ಬರೆದಿದ್ದೀರಿ. (ಏಳು ತಿಂಗಳದ್ದು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತನ್ನೂ ಧೈರ್ಯಕ್ಕೆಂದು ಬರೆದಿದ್ದೀರಿ. ಪಾಠ ಹೇಳಿದವರು ಅದನ್ನು ನಂಬಬಾರದು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಲಾಭವೇ.)

ಇನ್ನು, ಆ ಮೂರು ವಾರ ಏನೂ ಮಾಡಲಿಲ್ಲ ಎಂದಿರಲ್ಲ, ಅದಕ್ಕೆ ಬರುತ್ತೇನೆ. ನವಜಾತ ಶಿಶುಗಳ ಘಟಕವೊಂದರಲ್ಲಿ ಕೆಲಸ ಮಾಡುವ ಬೇಲೂರಿನ ಕಡೆಯ ನರ್ಸ್ ಒಬ್ಬರು, ನಾಳ ದೊಡ್ಡದಾಗಿರುವ ಕೂಸಿನ ಅಂಗೈಯಲ್ಲಿ ನಾಡಿ ಕುಪ್ಪಳಿಸುವುದು ಬೆರಳಿಗೇ ತಿಳಿಯುತ್ತದೆ ಎಂದು ನನಗೆ ಹೇಳಿದ್ದರು. ಹೊಟ್ಟೆ ಉಬ್ಬಿತೇ, ಮೂತ್ರ ಕಡಿಮೆಯಾಯಿತೇ, ಹಾಲು ಅರಗುತ್ತಿದೆಯೇ, ಕೂಸಿಗೆ ಕೊಡುವ ದ್ರವ ಒಂದೆರಡು ಮಿಲಿಲೀಟರ್ ಹೆಚ್ಚಾಯಿತೇ ಎಂದು ರಾತ್ರಿಯಿಡೀ ಗಮನಿಸುವುದು ಅವರ ಕೆಲಸ. ಅವರದು ಗುತ್ತಿಗೆ ನೌಕರಿ. ಪ್ರತಿ ವರ್ಷ ಮುಂದುವರಿಯುತ್ತದೋ ಇಲ್ಲವೋ ಎಂಬ ಭಯ. ಹೊಸ ಕಟ್ಟಡ ಎದ್ದರೆ ಟೇಪು ಕತ್ತರಿಸುವವರು, ಫ್ಲೆಕ್ಸ್ ಕಟ್ಟುವವರು, ನಮ್ಮಂಥ ಪತ್ರಿಕೆಯವರು ಎಲ್ಲರೂ ಸೇರುತ್ತೇವೆ. ಆ ಕಟ್ಟಡದೊಳಗೆ ಒಬ್ಬ ನರ್ಸ್ ಎಷ್ಟು ಕೂಸುಗಳನ್ನು ನೋಡಿಕೊಳ್ಳುತ್ತಾರೆ, ಎಕೋ ಯಂತ್ರವಿದ್ದರೂ ನವಜಾತ ಶಿಶುವಿನ ಹೃದಯವನ್ನು ಅದರಲ್ಲಿ ಓದಬಲ್ಲವರಿದ್ದಾರೆಯೇ ಎಂದು ಕೇಳುವವರಿಲ್ಲ. ಕಾದು ನೋಡುವ ಚಿಕಿತ್ಸೆ ನಿಂತಿರುವುದೇ ಇಂಥವರ ಮೇಲೆ. ನೋಡುವವರಿಲ್ಲದ ಕಡೆ ಕಾಯುವುದಕ್ಕೆ ಅರ್ಥವಿಲ್ಲ. ಅಲ್ಲಿ ನಿಮ್ಮ ಸಿಟ್ಟೇ ಸರಿ.

ಆದ್ದರಿಂದ, ಒಂದೂವರೆ ಕಿಲೋ ತುಂಬದ ಕೂಸನ್ನು ವೈದ್ಯರು ಹೇಳದೆ ಘಾಟಿಯ ರಸ್ತೆಯಲ್ಲಿ, ಈ ಚಳಿಯಲ್ಲಿ ಬೆಂಗಳೂರಿಗೆ ಹೊರಡಿಸಬೇಡಿ. ಮುಂದಿನ ಎಕೋ ಯಾವಾಗ, ನಾಳದ ಅಳತೆ ಎಷ್ಟು, ಎಡಭಾಗ ಹಿಗ್ಗಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಮನೆಗೆ ಕಳುಹಿಸಿದ ಮೇಲೆ ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಂದರೆ, ತೂಕ ಏರದಿದ್ದರೆ ತಡಮಾಡದೆ ಕರೆದೊಯ್ಯಿರಿ. ಅಷ್ಟರಲ್ಲಿ ಬಿಡುವಾದರೆ, ಮೊಮ್ಮಗಳ ಘಟಕದಲ್ಲಿ ರಾತ್ರಿ ಪಾಳಿಗೆ ಎಷ್ಟು ಮಂದಿ ನರ್ಸುಗಳಿದ್ದಾರೆ, ಅವರಲ್ಲಿ ಎಷ್ಟು ಮಂದಿ ಕಾಯಂ ಎಂದು ವಿಚಾರಿಸಿ ಇನ್ನೊಂದು ಪತ್ರ ಬರೆಯಿರಿ. ಅದನ್ನು ಒಂದಕ್ಷರವೂ ಕತ್ತರಿಸದೆ ಪ್ರಕಟಿಸುತ್ತೇನೆ.