ಅಕ್ಕನ ಅಡುಗೆಕಟ್ಟೆ: ಬಾಣಲೆ ಮುಂದೆ ಕೂತು ತಿನ್ನುವ ಊಟ

ಮಗನ ಮನೆಗೆಂದು ಜಪಾನಿನ ಯೊಕೊಹಾಮಾಕ್ಕೆ ಹೋಗಿದ್ದಾಗ ಟೆಂಪುರಾ, ಅಂದರೆ ಮೀನು, ತರಕಾರಿಯನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದ ಅಲ್ಲಿನ ತಿನಿಸು, ತಿಂದ ವಿಷಯವನ್ನು ಹೋದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ! ನಮ್ಮ ಕಡೆಯವರಿಗೆ ಕರಿದದ್ದು ಅಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಉಪ್ಪಿನಕಾಯಿಗೆ ಬೂಸ್ಟು ಬಂದವರು, ರೊಟ್ಟಿ ಹರಿಯುತ್ತದೆ ಅಂದವರು ಮುಂದಿನ ಸಲದ ತನಕ ಕಾಯಿರಿ. ಈ ಸಲ ಬರೀ ಟೆಂಪುರಾ.

ಪ್ರಶ್ನೆ: ಅಕ್ಕಾ, ನಾನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಮುಂದಿನ ತಿಂಗಳು ತರಬೇತಿಗೆ ಜಪಾನಿನ ಕುರಾಶಿಕಿಗೆ ಹೋಗಬೇಕು. ಅಲ್ಲಿನ ಹಿರಿಯರೊಬ್ಬರು ನಮ್ಮನ್ನು ಟೆಂಪುರಾ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಈಗಲೇ ಮೇಲ್ ಹಾಕಿದ್ದಾರೆ. ನಾನು ಮೀನು, ಮಾಂಸ, ಮೊಟ್ಟೆ ಯಾವುದೂ ತಿನ್ನುವುದಿಲ್ಲ. ಜೊತೆಗೆ ಬರುವ ಗೆಳೆಯ ಎಲ್ಲಾ ತಿನ್ನುತ್ತಾನೆ. ಬೇಡ ಅಂದರೆ ಅವರಿಗೆ ಬೇಜಾರಾಗುತ್ತದಾ? ಹೋದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು?
– ತೋರಣಗಲ್ಲಿನ ಓದುಗ

ಉತ್ತರ: ತಮ್ಮಾ, ಕಹಿ ಮಾತು ಮೊದಲು ಹೇಳಿಬಿಡುತ್ತೇನೆ. ಟೆಂಪುರಾ ತಟ್ಟೆಯಲ್ಲಿ ಬದನೆಕಾಯಿ, ಕುಂಬಳಕಾಯಿ, ಗೆಣಸು ಕಾಣುತ್ತವೆ. ನೋಡಿದರೆ ನಮ್ಮದೇ ಊಟ ಅನಿಸುತ್ತದೆ. ಆದರೆ ಕಲಸಿದ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಸಿಗಡಿ ಕರಿದ ಎಣ್ಣೆಯಲ್ಲೇ ಗೆಣಸೂ ಬೇಯುತ್ತದೆ. ಅದ್ದಿಕೊಳ್ಳಲು ಕೊಡುವ 'ತೆಂತ್ಸುಯು' ಅನ್ನುವ ತಿಳಿಸಾರಿಗೆ ಬುಡವೇ ಒಣಮೀನು. ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದ ಮೀನನ್ನು ಹೆರೆದು, ಅದರ ರಸ ತೆಗೆದು, ಸೋಯಾ ಸಾಸ್ ಮತ್ತು ಮಿರಿನ್ ಎಂಬ ಸಿಹಿ ಮದ್ಯ ಸೇರಿಸುತ್ತಾರೆ. ಕೊನೆಗೆ ಅನ್ನದ ಜೊತೆ ಬರುವ, ಸೋಯಾಕಾಳು ಹುದುಗಿಸಿ ಮಾಡುವ ಮಿಸೊ ಸಾರಿಗೂ ಸಾಮಾನ್ಯವಾಗಿ ಅದೇ ಮೀನಿನ ರಸ. ಹಾಗಾಗಿ ಮೆನುವಿನಲ್ಲಿ 'ತರಕಾರಿ ಟೆಂಪುರಾ' ಅಂತ ಇದ್ದ ಮಾತ್ರಕ್ಕೆ ನಂಬಬೇಡ.

ಬೇಡ ಅಂದರೆ ಅವರಿಗೆ ಬೇಜಾರಿಲ್ಲ. ಕೂತ ಮೇಲೆ ಬೇಡ ಅಂದರೆ ಬೇಜಾರು. ಇಂಥ ಅಂಗಡಿಗಳಲ್ಲಿ ಎಷ್ಟು ಜನ ಬರುತ್ತಾರೆ ಅಂತ ನೋಡಿಕೊಂಡು ಬೆಳಿಗ್ಗೆಯೇ ಮೀನು, ತರಕಾರಿ ತಂದಿಟ್ಟಿರುತ್ತಾರೆ. ಆದ್ದರಿಂದ ಈ ಪತ್ರಿಕೆ ಮಡಚಿಟ್ಟ ಕೂಡಲೇ ಆ ಮೇಲ್‌ಗೆ ಉತ್ತರ ಬರಿ. ಸುಮ್ನೆ 'ಸಸ್ಯಾಹಾರಿ' ಅಂದರೆ ಸಾಲದು. ಮೀನಿನ ರಸ ನಡೆಯುತ್ತದೆ ಅಂತಲೇ ಅಲ್ಲಿ ಬಹಳ ಜನ ತಿಳಿಯುತ್ತಾರೆ. ಮಾಂಸ, ಮೀನು, ಸಿಗಡಿ, ಮೊಟ್ಟೆ, ಮೀನಿನ ರಸ, ಮದ್ಯ – ಬೇಡವಾದದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ ಬರಿ. ಮೊಟ್ಟೆ ಹಾಕದ ಹಿಟ್ಟು, ಬೇರೆ ಎಣ್ಣೆ ಸಾಧ್ಯವಾ ಅಂತಲೂ ಕೇಳು. ದೊಡ್ಡ ಹೋಟೆಲಿನವರು ಹೊಂದಿಸಿಕೊಡಬಹುದು. ಒಂದೇ ಬಾಣಲೆ ಇಟ್ಟುಕೊಂಡ ಸಣ್ಣ ಅಂಗಡಿಯವನು ಆಗುವುದಿಲ್ಲ ಅಂದರೆ ಅದು ಸೊಕ್ಕಲ್ಲ, ಅವನಿಗೆ ನಿಜವಾಗಿಯೂ ಆಗುವುದಿಲ್ಲ.

ಆಗ ನೀನೇ ಇನ್ನೊಂದು ದಾರಿ ಹೇಳು. ಬೌದ್ಧ ಮಠಗಳ ಅಡುಗೆಗೆ 'ಶೋಜಿನ್ ರ್ಯೋರಿ' ಅನ್ನುತ್ತಾರೆ. ಸಂಪ್ರದಾಯದ ಪ್ರಕಾರ ಅದರಲ್ಲಿ ಮೀನು, ಮಾಂಸ, ಮೊಟ್ಟೆ ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಇಲ್ಲ. ರಸ ತೆಗೆಯುವುದು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯಿಂದ. ತರಕಾರಿಯನ್ನು ಮೊಟ್ಟೆಯಿಲ್ಲದ ಹಿಟ್ಟಿನಲ್ಲಿ ಕರಿದು ಅಲ್ಲೂ ಬಡಿಸುತ್ತಾರೆ. ನಿನ್ನ ಅವ್ವನೇ ಜೊತೆಗೆ ಬಂದರೂ ಕೂತು ಉಣ್ಣಬಹುದು. ಬಾಣಲೆ ಬೇರೆ ಇರಲೇಬೇಕಾ ಅನ್ನುವುದು ಮಾತ್ರ ನಿನ್ನ ಮನಸ್ಸಿಗೆ ಬಿಟ್ಟದ್ದು. ತುಂಗಭದ್ರಾ ಡ್ಯಾಮಿನ ಮೀನು ತಿಂದು ಬೆಳೆದವಳು ನಾನು, ಅದರಲ್ಲಿ ನಿನಗೆ ಬುದ್ಧಿ ಹೇಳಲಾರೆ. ಆದರೆ ವಿಮಾನ ಹತ್ತುವ ಮೊದಲೇ ತೀರ್ಮಾನ ಮಾಡಿಕೋ. ಕುರ್ಚಿಯಲ್ಲಿ ಕೂತು ಯೋಚಿಸಬೇಡ.

ಇನ್ನು ನಡವಳಿಕೆ. ಬಳ್ಳಾರಿ ಕಡೆಯ ಹುಡುಗನಿಗೆ ಇದನ್ನು ಕಲಿಸಬೇಕಾ? ಸಂಜೆ ಮಿರ್ಚಿ ಬಂಡಿ ಮುಂದೆ ನಿಂತಾಗ ನಾವು ಏನು ಮಾಡುತ್ತೇವೆ? ಕಣ್ಣು ಬಾಣಲೆ ಮೇಲೆ. ಒಂದು ಕೈಯಲ್ಲಿ ಒಗ್ಗರಣೆ ತಟ್ಟೆ. ಮಿರ್ಚಿ ಎಣ್ಣೆಯಿಂದ ಎದ್ದು ತಟ್ಟೆಗೆ ಬಿತ್ತೋ ಇಲ್ಲವೋ, ಊದಿ ಊದಿ ಕಚ್ಚುತ್ತೇವೆ. ಟೆಂಪುರಾ ಕೌಂಟರ್ ಅಂದರೆ ಅದೇ ಬಂಡಿಗೆ ಕುರ್ಚಿ ಹಾಕಿ, ಗದ್ದಲ ತೆಗೆದದ್ದು. ಎಂಟೋ ಹತ್ತೋ ಜನ ಮರದ ಕಟ್ಟೆಗೆ ಮುಖ ಮಾಡಿ ಕೂರುತ್ತಾರೆ. ಬಾಣಲೆ ಆ ಕಡೆ, ನಾವು ಈ ಕಡೆ. ಅಡುಗೆಯವನು ಒಂದೊಂದೇ ಕರಿದು ನಿನ್ನ ಮುಂದಿನ ಬಿಳಿ ಕಾಗದದ ಮೇಲೆ ಇಡುತ್ತಾನೆ. ಇಟ್ಟ ಕೂಡಲೇ ತಿನ್ನು. ಪಕ್ಕದವರಿಗೆ ಬರಲಿ ಅಂತ ಕಾಯಬೇಡ. ಫೋಟೊ ತೆಗೆಯುತ್ತಾ ಕೂತರೆ ತಿನಿಸು ಮೆತ್ತಗಾಗುತ್ತದೆ, ಅಡುಗೆಯವನ ಮುಖವೂ ಬಾಡುತ್ತದೆ.

ಅವನ ಕಣ್ಣಿಗಿಂತ ಕಿವಿ ಚುರುಕು. ತುಂಡು ಎಣ್ಣೆಗೆ ಬಿದ್ದಾಗ ದೊಡ್ಡ ಗುಳ್ಳೆ ಎದ್ದು ಸದ್ದು ಜೋರಾಗಿರುತ್ತದೆ. ಒಳಗಿನ ನೀರು ಆವಿಯಾಗಿ ಹೋದ ಹಾಗೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತೆಳ್ಳಗಾಗುತ್ತದೆ. ಆಗ ಎತ್ತುತ್ತಾನೆ. ನಾನಂತೂ ಅದನ್ನೇ ನೋಡುತ್ತಾ ಕೂತುಬಿಟ್ಟೆ. ಪಕ್ಕದಲ್ಲಿದ್ದ ಮಗ 'ತಿನ್ನು ಅಮ್ಮಾ' ಅಂತ ಮೊಣಕೈಯಿಂದ ತಿವಿಯಬೇಕಾಯಿತು.

ನಿನ್ನ ಗೆಳೆಯನಿಗೆ ಮೊದಲು ಬರುವುದು ಸಾಮಾನ್ಯವಾಗಿ ಸಿಗಡಿ. ಅದರ ತಲೆಯನ್ನೂ ಬೇರೆಯಾಗಿ ಕರಿದು ಕೊಡುತ್ತಾರೆ, ಗರಿಗರಿಯಾಗಿರುತ್ತದೆ, ಬಿಡಬೇಡ ಅಂತ ಹೇಳು. ಆಮೇಲೆ 'ಕಿಸು' ಅನ್ನುವ ಬೆಳ್ಳನೆಯ ಸಣ್ಣ ಮೀನು, ಸ್ಕ್ವಿಡ್. ನಡುನಡುವೆ ತಾವರೆ ಬೇರು, ಅಣಬೆ, ಬದನೆಕಾಯಿ. ಕೊನೆ ಹೊತ್ತಿಗೆ 'ಅನಾಗೊ', ಹಾವುಮೀನಿನ ಜಾತಿಯದು. ಎಲ್ಲ ಮುಗಿದ ಮೇಲೆ ಚೂರುಗಳನ್ನು ಸೇರಿಸಿ ಕರಿದ 'ಕಾಕಿಯಾಗೆ' ಮತ್ತು ಅನ್ನ. ಆ ಅನ್ನದ ಮೇಲೆ ಬಿಸಿ ಚಹಾ ಸುರಿದು ಕೊಡುವುದೂ ಉಂಟು. ಹಾಲಿನ ಚಹಾ ಅಲ್ಲಪ್ಪಾ, ಹಸಿರು ಚಹಾ.

ನೀನು ತೆಂತ್ಸುಯು ಬಟ್ಟಲನ್ನು ದೂರ ಸರಿಸಿ ಉಪ್ಪು ಕೇಳು. 'ಶಿಯೊ' ಅಂದರೆ ಸಾಕು. ಒಸಾಕಾ ಕಡೆಯವರಿಗೆ ಮೊದಲಿಂದಲೂ ಉಪ್ಪೇ ಇಷ್ಟ, ನೀನು ಹೋಗುವ ಊರು ಅದಕ್ಕೂ ಪಶ್ಚಿಮಕ್ಕಿದೆ. ತುದಿಗೆ ಚೂರು ತಾಗಿಸಿದರೆ ಸಾಕು, ಸೀಬೆಹಣ್ಣಿಗೆ ಒತ್ತಿದ ಹಾಗೆ ಒತ್ತಬೇಡ.

ಉಳಿದದ್ದು ಚಿಕ್ಕಪುಟ್ಟ ವಿಷಯ. ಐದು ನಿಮಿಷ ಮೊದಲೇ ಹೋಗು. ಸೆಂಟು ಹೊಡೆದುಕೊಳ್ಳಬೇಡ, ಎಣ್ಣೆಯ ಪರಿಮಳಕ್ಕೆ ಅಡ್ಡ ಬರುತ್ತದೆ. ಮರದ ಕಟ್ಟೆಯ ಮೇಲೆ ಮೊಬೈಲ್, ವಾಚು ಇಡಬೇಡ, ಗೀರು ಬೀಳುತ್ತದೆ. ಉಣ್ಣುವ ಕಡ್ಡಿಗಳನ್ನು (ಚಾಪ್‌ಸ್ಟಿಕ್) ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದು. ಎರಡೂ ಅಲ್ಲಿ ಸಾವಿನ ಮನೆಯ ಪದ್ಧತಿಗಳು. ಟಿಪ್ಸ್ ಇಡುವ ರೂಢಿಯಿಲ್ಲ. ಕರೆದವರೇ ಬಿಲ್ ಕೊಡುತ್ತಾರೆ, ನಮ್ಮವರ ಹಾಗೆ ಕ್ಯಾಶ್ ಕೌಂಟರಿನಲ್ಲಿ ಕೈ ಹಿಡಿದು ಜಗ್ಗಾಡಬೇಡ. ಬೇಕಾದರೆ ಸಂಡೂರಿನ ಲಂಬಾಣಿ ಕಸೂತಿಯ ಒಂದು ಪುಟ್ಟ ಚೀಲ ಒಯ್ದು ಕೊಡು.

ಪ್ರಶ್ನೆ: ಮೊಬೈಲ್ ನೋಡಿ ಮನೆಯಲ್ಲಿ ಟೆಂಪುರಾ ಮಾಡಿದೆ. ಮೈದಾ ಹಿಟ್ಟನ್ನು ಗಂಟಿಲ್ಲದ ಹಾಗೆ ಚೆನ್ನಾಗಿ ಕಲಸಿ, ಅರ್ಧ ಗಂಟೆ ನೆನೆಸಿಟ್ಟು ಕರಿದೆ. ದಪ್ಪಗೆ, ಜಿಗಿಜಿಗಿಯಾಗಿ ಬಂತು. ಮಕ್ಕಳು ಮುಟ್ಟಲಿಲ್ಲ. ಏನು ತಪ್ಪಾಯಿತು?
– ರಾಯಚೂರಿನ ಗೃಹಿಣಿ

ಉತ್ತರ: ಬಜ್ಜಿ ಮಾಡುವ ಕೈ ನಿಮ್ಮದು, ಅದೇ ಇಲ್ಲಿ ಅಡ್ಡ ಬಂದದ್ದು. ಕಡ್ಲಿಹಿಟ್ಟನ್ನು ಎಷ್ಟು ಬೇಕಾದರೂ ಕಲಸಬಹುದು, ನೆನೆಸಿಡಬಹುದು. ಅದರಲ್ಲಿ ಗ್ಲುಟೆನ್ ಅನ್ನುವ ಜಿಗುಟು ಇಲ್ಲ. ಮೈದಾದಲ್ಲಿ ಇದೆ. ನೀರು ತಾಗಿ, ಚಮಚ ಆಡಿದಷ್ಟೂ ಅದು ಎಳೆ ಬಿಡುತ್ತದೆ. ನೆನೆಸಿಟ್ಟರೆ ಇನ್ನೂ ಜಾಸ್ತಿ. ಜಪಾನಿನವರು ಬಳಸುವ ಗೋಧಿ ಹಿಟ್ಟು ನಮ್ಮ ಮೈದಾಕ್ಕಿಂತ ಮೆದು. ಹಾಗಾಗಿ ಮೂರು ಪಾಲು ಮೈದಾಕ್ಕೆ ಒಂದು ಪಾಲು ಕಾರ್ನ್‌ಫ್ಲೋರ್ ಸೇರಿಸಿ.

ನೀರು ಐಸಿನಷ್ಟು ತಣ್ಣಗಿರಬೇಕು. ರಾಯಚೂರಿನ ಬೇಸಿಗೆಯಲ್ಲಿ ನಲ್ಲಿ ನೀರಿಗೆ ಚಹಾಪುಡಿ ಹಾಕಿದರೆ ಚಹಾ ಆಗುತ್ತದೆ, ಆ ನೀರು ನಡೆಯುವುದಿಲ್ಲ. ಹಿಟ್ಟನ್ನೂ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. 100 ಗ್ರಾಂ ಹಿಟ್ಟಿಗೆ ಸುಮಾರು 170 ಮಿಲಿ ನೀರು. ಮೊಟ್ಟೆ ತಿನ್ನುವವರಾದರೆ ನೀರಿಗೆ ಒಂದು ಮೊಟ್ಟೆ ಒಡೆದು, ಅಷ್ಟು ನೀರು ಕಡಿಮೆ ಮಾಡಿ. ತಿನ್ನದವರು ಅರ್ಧ ನೀರಿನ ಬದಲು ತಣ್ಣನೆಯ ಸೋಡಾ ನೀರು ಹಾಕಿ. ಎಣ್ಣೆ ಕಾದ ಮೇಲೆಯೇ ಕಲಸಿ. ಕಡ್ಡಿಯಿಂದ ಹತ್ತು ಸಲ ಚುಚ್ಚಿ ಬಿಡಿ, ಸಾಕು. ಗಂಟು ಇದ್ದರೆ ಇರಲಿ. ಒಣಹಿಟ್ಟು ಕಂಡರೂ ಇರಲಿ. ಗಂಟು ಕಂಡರೆ ಕೈ ತುರಿಸುತ್ತದೆ ಅಂತ ಗೊತ್ತು, ತಡೆದುಕೊಳ್ಳಿ.

ತರಕಾರಿಯ ನೀರು ಒರೆಸಿ, ಒಣಹಿಟ್ಟು ಸವರಿ, ಆಮೇಲೆ ಅದ್ದಿ. ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟು ನೋಡಿ. ತಳ ಮುಟ್ಟಿ ನಿಧಾನ ಎದ್ದರೆ 160 ಡಿಗ್ರಿ, ಗೆಣಸು ಕುಂಬಳಕ್ಕೆ ಸರಿ. ಅರ್ಧಕ್ಕೆ ಹೋಗಿ ಎದ್ದರೆ 170ರಿಂದ 180, ಬದನೆಕಾಯಿಗೆ, ಮೀನಿಗೆ. ಮೇಲೆಯೇ ಚಟಪಟ ಹರಡಿದರೆ ಉರಿ ಇಳಿಸಿ. ಬಾಣಲೆ ತುಂಬಾ ತುಂಬಬೇಡಿ, ಎಣ್ಣೆ ತಣ್ಣಗಾಗಿ ಹಿಟ್ಟು ಅದನ್ನೇ ಕುಡಿಯುತ್ತದೆ. ಟೋಕಿಯೊದಲ್ಲಿ ಎಳ್ಳೆಣ್ಣೆ ಬೆರೆಸುತ್ತಾರೆ. ನಮಗೆ ಶೇಂಗಾ ಎಣ್ಣೆ ಸಾಕು. ಬಣ್ಣ ಮಿರ್ಚಿಯ ಹಾಗೆ ಕೆಂಪಗೆ ಬರಲಿ ಅಂತ ಕಾಯಬೇಡಿ, ಇದು ಬೆಳ್ಳಗೇ ಇರಬೇಕು.

ಪ್ರಶ್ನೆ: ಟೆಂಪುರಾ ಅಂದರೆ ನಮ್ಮ ಬಜ್ಜಿಯೇ, ಬುದ್ಧನ ಜೊತೆ ಭಾರತದಿಂದ ಜಪಾನಿಗೆ ಹೋಯಿತು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ನಿಜವಾ?
– ಗಂಗಾವತಿಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ನಿಮ್ಮ ಮೇಷ್ಟ್ರ ಅಭಿಮಾನಕ್ಕೆ ನಮಸ್ಕಾರ. ಆದರೆ ಹಿಟ್ಟಿನಲ್ಲಿ ಅದ್ದಿ ಕರಿಯುವ ಈ ರೀತಿಯನ್ನು ಜಪಾನಿಗೆ ಒಯ್ದವರು ಪೋರ್ಚುಗೀಸರು ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅವರು ಅಲ್ಲಿ ಕಾಲಿಟ್ಟದ್ದು 1543ರಲ್ಲಿ. ಅದಕ್ಕೂ ಮೊದಲು, 1520ರ ಸುಮಾರಿಗೆ, ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ ನಿಮ್ಮ ಆನೆಗೊಂದಿಯ ಆಚೆ ದಡದ ಹಂಪಿಯಲ್ಲಿ ಓಡಾಡುತ್ತಿದ್ದ. ಕೃಷ್ಣದೇವರಾಯನಿಗೆ ಕುದುರೆ ಬೇಕಿತ್ತು, ಗೋವಾದ ಪೋರ್ಚುಗೀಸರ ಹತ್ತಿರ ಕುದುರೆ ವ್ಯಾಪಾರ ಇತ್ತು. ಅಮೆರಿಕದ ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರೂ ಅವರೇ. ಅಂದರೆ ಮಿರ್ಚಿಯ ಒಳಗಿನ ಕಾಯಿ, ಟೆಂಪುರಾದ ಹೊರಗಿನ ಹಿಟ್ಟು, ಎರಡೂ ಒಂದೇ ಹಡಗಿನವರ ಕೈಯಿಂದ ಬಂದವು. ಬುದ್ಧನ ಕತೆಗಿಂತ ಇದು ಚೆನ್ನಾಗಿಲ್ವಾ? ಮೇಷ್ಟ್ರಿಗೆ ಹೇಳಿ.

ಅದನ್ನು ಬೀದಿಯ ತಿನಿಸು ಮಾಡಿದ್ದು ಎಡೊ ಊರಿನವರು, ಅಂದರೆ ಈಗಿನ ಟೋಕಿಯೊ. ಊರೆಲ್ಲ ಮರದ ಮನೆ, ಬೆಂಕಿಯ ಭಯ. ಒಳಗೆ ಎಣ್ಣೆ ಕಾಯಿಸುವುದು ಅಪಾಯ, ಹಾಗಾಗಿ ಬಯಲಲ್ಲೇ ಬಂಡಿ. ಕೊಲ್ಲಿಯ ಮೀನನ್ನು ಕಡ್ಡಿಗೆ ಚುಚ್ಚಿ ಕರಿದು, ನಿಂತಲ್ಲೇ ತಿಂದು ಹೋಗುತ್ತಿದ್ದರು. ಷೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ಆಗಿದ್ದ ತೊಕುಗಾವಾ ಇಯೆಯಾಸು 1616ರಲ್ಲಿ ಕರಿದ ಮೀನು ತಿಂದು ಕಾಯಿಲೆ ಬಿದ್ದು ಸತ್ತ ಅಂತ ಒಂದು ಕತೆ ಇದೆ. ಹೊಟ್ಟೆಯ ಕ್ಯಾನ್ಸರ್ ಇದ್ದಿರಬೇಕು ಅಂತ ಈಗ ಹೇಳುತ್ತಾರೆ. ಕರಿದದ್ದಕ್ಕೆ ಕೆಟ್ಟ ಹೆಸರು ಎಲ್ಲಾ ಊರಿನಲ್ಲೂ ಸುಲಭ.

ಪ್ರಶ್ನೆ: ಖಾರ ಇಲ್ಲದ ಬಜ್ಜಿಗೆ ಸಾವಿರಗಟ್ಟಲೆ ಕೊಡುತ್ತಾರಂತೆ. ಜಪಾನಿನವರಿಗೆ ತಲೆ ಕೆಟ್ಟಿದೆಯಾ?
– ಸಿರುಗುಪ್ಪದ ಭತ್ತದ ವ್ಯಾಪಾರಿ

ಉತ್ತರ: ಖಾರ ಇದೆ ಸಾಹೇಬರೇ, ಆದರೆ ಅದೃಷ್ಟ ಬೇಕು. 'ಶಿಶಿತೊ' ಅನ್ನುವ ಹಸಿರು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಹತ್ತು ತಿಂದರೆ ಒಂದು ಖಾರ ಅಂತ ಅವರ ಲೆಕ್ಕ. ಆ ಒಂದೂ ಸಿರುಗುಪ್ಪದವರಿಗೆ ಸಾಲುವುದಿಲ್ಲ.

ದುಡ್ಡಿನ ಮಾತು. ಟೋಕಿಯೊದ ಗಿಂಜಾದಲ್ಲಿ ಹೆಸರಾಂತ ಕೌಂಟರಿನಲ್ಲಿ ರಾತ್ರಿ ಊಟ 20,000 ಯೆನ್ ದಾಟುವುದು ಮಾಮೂಲು, ಅಂದರೆ ನಮ್ಮ 10,000 ರೂಪಾಯಿಗೂ ಮೇಲೆ. ಜೀವಂತ ಸಿಗಡಿ, ದಿನದಿನಕ್ಕೆ ಹೊಸ ಎಣ್ಣೆ, ಬೆರಳೆಣಿಕೆಯ ಕುರ್ಚಿ, ಎದುರಿಗೆ ನಿಂತ ಯಜಮಾನ – ಅದಕ್ಕೆಲ್ಲ ಬೆಲೆ. ಅಲ್ಲಿನ ಫುಮಿಯೊ ಕೊಂಡೊ ಎಂಬ ಬಾಣಸಿಗರು ತರಕಾರಿ ಟೆಂಪುರಾಕ್ಕೇ ಹೆಸರಾದವರು. ದಪ್ಪ ಗೆಣಸಿನ ತುಂಡನ್ನು ಹೆಚ್ಚುಕಡಿಮೆ ಅರ್ಧ ಗಂಟೆ ನಿಧಾನವಾಗಿ ಕರಿಯುತ್ತಾರೆ. ನೀವು ಅಷ್ಟು ಹೊತ್ತಲ್ಲಿ ಒಂದು ಲಾರಿ ಭತ್ತ ತೂಗಿಸುತ್ತೀರಿ. ಅಷ್ಟು ದುಡ್ಡು ಬೇಡ ಅಂದರೆ 'ತೆಂದೊನ್' ಅಂಗಡಿಗೆ ಹೋಗಿ. ಬಟ್ಟಲು ಅನ್ನದ ಮೇಲೆ ಟೆಂಪುರಾ ಜೋಡಿಸಿ, ಸಿಹಿ ಉಪ್ಪಿನ ಸಾಸ್ ಹನಿಸಿ ಕೊಡುತ್ತಾರೆ. ತೆನ್ಯಾ ಅಂತ ಅದರದೇ ಸರಪಳಿ ಹೋಟೆಲು ಇದೆ, 1,000 ಯೆನ್ ಒಳಗೆ ಹೊಟ್ಟೆ ತುಂಬುತ್ತದೆ. ನನಗೆ ಕೇಳಿದರೆ ಜೀವನದಲ್ಲಿ ಒಂದು ಸಲ ಕೌಂಟರ್, ಉಳಿದ ದಿನವೆಲ್ಲ ತೆಂದೊನ್.

ಪ್ರಶ್ನೆ: ಉಳಿದ ಟೆಂಪುರಾ ಪಾರ್ಸೆಲ್ ಕಟ್ಟಿಸಿಕೊಳ್ಳಬಹುದಾ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಕೌಂಟರಿನಲ್ಲಿ ಕೇಳಲೇಬೇಡಿ. ಪಾರ್ಸೆಲ್ಲೇ ಬೇಕಾದರೆ ಅಲ್ಲಿನ ಸೂಪರ್ ಮಾರ್ಕೆಟಿನಲ್ಲಿ ಪ್ಯಾಕೆಟ್ ಟೆಂಪುರಾ ಸಿಗುತ್ತದೆ, ಸಂಜೆ ಹೊತ್ತು ಕಳೆದ ಹಾಗೆ ಅದರ ರೇಟೂ ಇಳಿಯುತ್ತದೆ. ಮೆತ್ತಗಾಗಿದ್ದರೆ ಬಿಸಿ ಉದೊನ್ ಶ್ಯಾವಿಗೆಯ ಸಾರಿಗೆ ಹಾಕಿಕೊಂಡು ತಿನ್ನಿ, ಅಲ್ಲಿನವರೂ ಹಾಗೇ ತಿನ್ನುತ್ತಾರೆ.