ಒಂದೇ ಟ್ಯೂಬಾ ಕೊಳ್ಳುವುದಾದರೆ ಬಿ-ಫ್ಲ್ಯಾಟೋ, ಇ-ಫ್ಲ್ಯಾಟೋ?

ಪ್ರಶ್ನೆ: ಬಾಗಲಕೋಟೆದಾಗ ನಮ್ಮದು ಮದುವಿ ಬ್ಯಾಂಡ್ ಐತ್ರಿ. ಟ್ರಂಪೆಟ್, ಕ್ಲಾರಿಯೊನೆಟ್, ಎರಡು ಯೂಫೋನಿಯಂ ಅದಾವ. ಬೇಸ್ ಸಾಲವಲ್ದು, ತಗ್ಗಿನ ಸ್ವರದ ದೊಡ್ಡ ಹಿತ್ತಾಳಿ ವಾದ್ಯ ಟ್ಯೂಬಾ ತಗೋಬೇಕಂತ ಮಾಡೀವಿ. ಹಾಡೋರ ಸ್ಕೇಲ್ ಒಮ್ಮೆ ಬಿಳಿ 1, ಒಮ್ಮೆ ಕರಿ 5. ಮಗ ಬೆಳಗಾವ್ಯಾಗ ನೊಟೇಶನ್ ಕಲ್ಯಾಕತ್ತಾನ, ಮುಂದ ಆರ್ಕೆಸ್ಟ್ರಾದಾಗ ಊದಬೇಕಂತಾನ. ಯಾವ ಕೀದು ತಗೋಳೋದ್ರಿ?

ಉತ್ತರ: ಬಿ-ಫ್ಲ್ಯಾಟ್ ತಗೊಳ್ಳಿ. ಸ್ಕೇಲ್ ಬದಲಾದರೆ ಟ್ಯೂಬಾ ಬದಲಿಸಬೇಕಿಲ್ಲ. ಹನ್ನೆರಡೂ ಸ್ವರ ಎಲ್ಲ ಟ್ಯೂಬಾಗಳಲ್ಲೂ ಇವೆ. ವಾಲ್ವ್ (ಒತ್ತಿದರೆ ಕೊಳವೆ ಉದ್ದವಾಗಿ ಸ್ವರ ಇಳಿಸುವ ಗುಂಡಿ) ಒತ್ತದೆ ಊದಿದಾಗ ಸಿಗುವ ಮೂಲ ಸ್ವರವೇ ಅದರ ಕೀ. ಹಾರ್ಮೋನಿಯಂ ಲೆಕ್ಕದಲ್ಲಿ ಬಿ-ಫ್ಲ್ಯಾಟ್ ಕರಿ 5, ಇ-ಫ್ಲ್ಯಾಟ್ ಕರಿ 2. ಕೊಳವೆಯ ಉದ್ದ ಸುಮಾರು 18 ಅಡಿ ಮತ್ತು 13 ಅಡಿ.

ನಿಜವಾದ ತೊಡಕು ವಾಲ್ವ್ ಕೂಡಿಸಿ ಒತ್ತಿದಾಗ. ಒಂದನೆಯದನ್ನೂ ಮೂರನೆಯದನ್ನೂ ಜೊತೆಗೆ ಒತ್ತಿದರೆ ಕೊಳವೆ ಬೇಕಾದಷ್ಟು ಉದ್ದವಾಗದೆ ಸ್ವರ ಸುಮಾರು 30 ಸೆಂಟ್ ಏರುತ್ತದೆ (ಅಕ್ಕಪಕ್ಕದ ಎರಡು ಸ್ವರಗಳ ಅಂತರ ಒಂದು ಸೆಮಿಟೋನ್, ಅದರ ನೂರನೇ ಒಂದು ಪಾಲು ಸೆಂಟ್). ಮೂರನ್ನೂ ಒತ್ತಿದರೆ ಅರ್ಧ ಸೆಮಿಟೋನಿನಷ್ಟು. ಬಿ-ಫ್ಲ್ಯಾಟ್‌ನಲ್ಲಿ ಕೆಳಗಿನ ಬಿಳಿ 1 ಬರುವುದು ಇದೇ 1-3ರಲ್ಲಿ. ನಿಮ್ಮ ಗಾಯಕರ ಷಡ್ಜವೇ ಅದು! ಇ-ಫ್ಲ್ಯಾಟ್ ಕೊಂಡರೂ ಪಾರಿಲ್ಲ, ಅಲ್ಲಿ ಕೆಳಗಿನ ಕರಿ 5 ಇದೇ ಗತಿಗೆ ಬೀಳುತ್ತದೆ. ನಾಲ್ಕನೇ ವಾಲ್ವ್ ಇದ್ದರೆ 1-3ರ ಬದಲು ಅದೊಂದನ್ನೇ ಒತ್ತಿದರಾಯಿತು. ಆದರೆ ಮೆರವಣಿಗೆಗೆ ಒಪ್ಪುವ, ಹೆಗಲ ಮೇಲೆ ಸುತ್ತಿ ಕೂರುವ ಸೂಸಾಫೋನ್ ಹೆಚ್ಚಾಗಿ ಮೂರೇ ವಾಲ್ವಿನದು. ಅದನ್ನೇ ತರುವುದಾದರೆ 1-3 ಸರಿಬರುವವರೆಗೆ ಮೂರನೇ ವಾಲ್ವಿನ ಸ್ಲೈಡನ್ನು (ಎಳೆದು ಉದ್ದ ಮಾಡುವ ಕೊಳವೆ) ಹೊರಗೆಳೆದು ಬಿಡಿ, ಮೂರನೆಯದನ್ನು ಒಂಟಿಯಾಗಿ ಬಳಸದೆ 1-2 ಒತ್ತಿ. ನಡೆಯುತ್ತಾ ಊದುವವನಿಗೆ ಪ್ರತಿ ಸ್ವರಕ್ಕೂ ಸ್ಲೈಡ್ ಎಳೆಯಲಾಗದು.

ಬಿ-ಫ್ಲ್ಯಾಟ್‌ನ ಇನ್ನೊಂದು ಲಾಭವೂ ಇದೆ. ಮೇಲಿನ ಸ್ವರಗಳ ನೊಟೇಶನ್ ಚಿಹ್ನೆಯಾದ ಟ್ರೆಬಲ್ ಕ್ಲೆಫ್‌ನಲ್ಲಿ ಬರೆದುಕೊಟ್ಟರೆ ಟ್ರಂಪೆಟ್, ಯೂಫೋನಿಯಂನವರ ಬೆರಳೇ ಇಲ್ಲೂ ನಡೆಯುತ್ತದೆ. ಒಬ್ಬ ಬಾರದ ದಿನ ಇನ್ನೊಬ್ಬ ಎತ್ತಿಕೊಳ್ಳಬಹುದು.

ಮಗನ ವಿಷಯ ಬೇರೆ. ಆರ್ಕೆಸ್ಟ್ರಾದಲ್ಲಿ ಟ್ಯೂಬಾ ಭಾಗ ತಗ್ಗಿನ ಸ್ವರಗಳ ಚಿಹ್ನೆಯಾದ ಬೇಸ್ ಕ್ಲೆಫ್‌ನಲ್ಲಿ, ಕೇಳುವ ಸ್ವರದಲ್ಲೇ ಇರುತ್ತದೆ; ಹಾಗಾಗಿ ಪ್ರತಿ ಕೀಯ ಟ್ಯೂಬಾಗೂ ಬೇರೆ ಬೆರಳು. ಜರ್ಮನಿಯವರು ಬಿ-ಫ್ಲ್ಯಾಟ್ ಮತ್ತು ಎಫ್, ಅಮೆರಿಕದವರು ಸಿ, ಬ್ರಿಟನ್ನಿನವರು ಹೆಚ್ಚಾಗಿ ಇ-ಫ್ಲ್ಯಾಟ್ ಹಿಡಿಯುತ್ತಾರೆ. ಬ್ರಿಟಿಷ್ ಬ್ರಾಸ್ ಬ್ಯಾಂಡಿನಲ್ಲಂತೂ ಎರಡು ಇ-ಫ್ಲ್ಯಾಟ್, ಎರಡು ಬಿ-ಫ್ಲ್ಯಾಟ್ ಕೂಡಿ ಬೇಸ್ ಆಗುತ್ತದೆ. ಮಗ ಸದ್ಯ ಮನೆಯ ಬಿ-ಫ್ಲ್ಯಾಟ್‌ನಲ್ಲೇ ಬೇಸ್ ಕ್ಲೆಫ್ ಓದಲಿ. ಮುಂದೆ ಐದಾರು ಜನರ ಬ್ರಾಸ್ ಗುಂಪು ಸೇರಿದರೆ ಇ-ಫ್ಲ್ಯಾಟ್ ನೋಡಿ: ಹಗುರ, ಮೇಲಿನ ಸ್ವರ ತಪ್ಪದೆ ಸಿಗುತ್ತದೆ, ಸಣ್ಣ ಕೋಣೆಯಲ್ಲಿ ಗೊಜ್ಜಾಗುವುದಿಲ್ಲ. ಸಿ ಟ್ಯೂಬಾ ನಿಮಗೆ ಬೇಡವೇ ಬೇಡ.

ಮೀರತ್‌ನಿಂದ ಹೊಸದು ತರಿಸಿದರೂ ಹಳೆಯದು ಕೊಂಡರೂ ಮೊಬೈಲಿನ ಟ್ಯೂನರ್ ಇಟ್ಟು ಊದಿಸಿ ನೋಡದೆ ದುಡ್ಡು ಕೊಡಬೇಡಿ. ಮುಖ್ಯ ಸ್ಲೈಡ್ ಪೂರ್ತಿ ಒಳಗಿದ್ದಾಗ ಸ್ವರ ಸ್ವಲ್ಪ ಏರಿರಲೇಬೇಕು. ಆಗಷ್ಟೇ ಎಳೆದು ಇಳಿಸಬಹುದು. 1 ಇಂಚು ಎಳೆದರೆ ಬಿ-ಫ್ಲ್ಯಾಟ್‌ನಲ್ಲಿ ಸುಮಾರು 16 ಸೆಂಟ್, ಇ-ಫ್ಲ್ಯಾಟ್‌ನಲ್ಲಿ 22 ಸೆಂಟ್ ಇಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನ ಮದುವೆಗಳಲ್ಲಿ ಒಳಗಿನ ಗಾಳಿ ಕಾದು ಸ್ವರ ಏರುವುದರಿಂದ, ಕೀಬೋರ್ಡ್ ಜೊತೆಗಿದ್ದರೆ ಮೆರವಣಿಗೆ ಹೊರಟ ಹತ್ತು ನಿಮಿಷಕ್ಕೆ ಮತ್ತೊಮ್ಮೆ ಸ್ವರ ಸೇರಿಸಿಕೊಳ್ಳಿ.